ಐವತ್ತು ಕಿಲೋಮೀಟರ್ ಆದ ಮೇಲೆ

ಪ್ರಭುಸ್ವಾಮಿಯ ಎಡಗಾಲು ಹೋಗಿ ಮೂರು ವರ್ಷವಾಗಿತ್ತು. ಹುಣಸೂರಿನಿಂದ ಮೈಸೂರಿಗೆ ಹೋಗುವಾಗ ಬಿಳಿಕೆರೆ ದಾಟಿದ ಮೇಲೆ ಸಿಗುವ ನೇರ ರಸ್ತೆಯಲ್ಲಿ ಜೀಪೊಂದು ಬಂದು ಗುದ್ದಿತ್ತು. ಜೀಪು ಗಾವಡಗೆರೆಯ ಚೆಲುವರಾಜುವಿನದು. ಓಡಿಸುತ್ತಿದ್ದವನೂ ಅವನೇ ಎಂಬುದನ್ನು ರಸ್ತೆಯಲ್ಲಿ ಬಿದ್ದಿದ್ದ ಪ್ರಭುಸ್ವಾಮಿ ಕಣ್ಣಾರೆ ಕಂಡಿದ್ದ. ಆದರೆ ಕೋರ್ಟಿನಲ್ಲಿ ಕೈಕಟ್ಟಿ ನಿಂತು ‘ನಾನೇ ಓಡುಸ್ತಿದ್ದೆ ಬುದ್ಧಿ’ ಎಂದವನು ಚೆಲುವರಾಜುವಿನ ಆಳು ತಿಮ್ಮಯ್ಯ. ದಂಡ ಕಟ್ಟಿ ಎಲ್ಲರೂ ಅವರವರ ಮನೆಗೆ ಹೋದರು. ಕಾಲು ಮಾತ್ರ ವಾಪಸು ಬರಲಿಲ್ಲ.

ಪ್ರಭುಸ್ವಾಮಿಯ ಅಣ್ಣ ರುದ್ರಸ್ವಾಮಿ ಹುಣಸೂರಿನಲ್ಲಿ, ಮೈಸೂರು ರಸ್ತೆಯ ಬದಿಗೆ, ಟೈರು ಮತ್ತು ವೀಲ್ ಅಲೈನ್‌ಮೆಂಟಿನ ಅಂಗಡಿ ಇಟ್ಟಿದ್ದ. ಬಡವನ ಕೋಪ ದವಡೆಗೆ ಮೂಲ ಎಂದು ಮೂರು ವರ್ಷ ಹಲ್ಲು ಕಚ್ಚಿಕೊಂಡಿದ್ದವನು ಅವನು. ಬಾಡಿಗೆ ಕಾರು ಓಡಿಸಿಕೊಂಡು ಊಟಿ, ಮುನ್ನಾರ್ ಎಂದು ತಿರುಗುತ್ತಿದ್ದ ತಮ್ಮ ಈಗ ಅಂಗಡಿಯ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಗಾಳಿ ತುಂಬುತ್ತಿದ್ದ. ಹಾದುಹೋಗುವ ಒಂದೊಂದು ಕಾರನ್ನೂ ಕತ್ತು ತಿರುಗಿಸಿ ನೋಡುತ್ತಿದ್ದ. ‘ಇಲ್ದಿರೋ ಪಾದ ತುರಿಸ್ತದೆ ಕಣಣ್ಣ’ ಎಂದು ಒಮ್ಮೆ ನಕ್ಕಿದ್ದ. ಆ ನಗು ಕೇಳಿದ ದಿನ ರುದ್ರಸ್ವಾಮಿ ಊಟದ ತಟ್ಟೆ ಬಿಟ್ಟು ಎದ್ದಿದ್ದ.

ಚೆಲುವರಾಜು ಈ ವರ್ಷ ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು ಕೊಂಡ. ಸೆಕೆಂಡ್ ಹ್ಯಾಂಡು, ಆದರೂ ರಸ್ತೆಯವರೆಲ್ಲ ಎದ್ದು ನಿಂತು ನೋಡುವಂಥದ್ದು. ಕೊಂಡ ಮೇಲೆ ಸುಮ್ಮನಿರಲಿಲ್ಲ. ಅದೇ ಕಂಪನಿಯ ಬೇರೆ ದೊಡ್ಡ ಮಾಡೆಲ್ಲಿನ ನಾಲ್ಕು ಚಕ್ರ ಎಲ್ಲಿಂದಲೋ ತಂದು, ಹುಣಸೂರಿನಲ್ಲಿ ಇಷ್ಟೊಂದು ಅಂಗಡಿಗಳಿರುವಾಗ ರುದ್ರಸ್ವಾಮಿಯ ಅಂಗಡಿಗೇ ಬಂದು ಕೇಳಿದ: ‘ಇವು ಕೂರ್ತವಾ ಸ್ವಾಮಿ? ನೋಡಿ ಏಳಿ.’ ಕೇಳುತ್ತಲೇ ಪ್ರಭುಸ್ವಾಮಿಯ ಕಡೆ ಕಣ್ಣು ಹಾಯಿಸಿದ. ಪ್ರಭುಸ್ವಾಮಿ ಊರುಗೋಲು ಊರಿಕೊಂಡು ಹೋಗಿ ಕಾರಿನ ಬಾನೆಟ್ಟು ಸವರಿ ನೋಡಿದ. ಎಷ್ಟು ಕೊಬ್ಬು ಇವನಿಗೆ, ಕಾಲು ಕಳಕೊಂಡವನ ಮುಂದೆಯೇ ಕಾರು ತಂದು ನಿಲ್ಲಿಸುತ್ತಾನಲ್ಲ ಎಂದು ರುದ್ರಸ್ವಾಮಿಯ ಹೊಟ್ಟೆ ಉರಿಯಿತು. ಆ ಉರಿಯಲ್ಲೇ ಅವನಿಗೆ ದಾರಿಯೂ ಕಂಡಿತು.

‘ಕೂರ್ತವೆ ಗೌಡ್ರೆ. ಶನಿವಾರ ಬನ್ನಿ’ ಎಂದ.

ಬೇರೆ ಮಾಡೆಲ್ಲಿನ ಚಕ್ರ ಕೂರಿಸುವುದೆಂದರೆ ಹೆಣ್ಣು ತಂದಂತೆ, ಕೂಡಿ ಬರುವುದನ್ನೆಲ್ಲ ಮೊದಲೇ ನೋಡಬೇಕು. ನಟ್ಟಿನ ತೂತುಗಳ ಅಂತರ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಬಾರದು. ಚಕ್ರದ ನಡುವಿನ ದೊಡ್ಡ ತೂತು ಆಕ್ಸಲಿನ ತುದಿಯ ಹಬ್ಬಿನ ಮೇಲೆ ಬಿಗಿಯಾಗಿ ಕೂರಬೇಕು. ಸಡಿಲವಿದ್ದರೆ ನಡುವೆ ಬಳೆಯಂಥ ರಿಂಗು ಹಾಕಬೇಕು. ಚಕ್ರ ಒಳಗೂ ಹೊರಗೂ ಎಲ್ಲೂ ಉಜ್ಜಬಾರದು. ಇವೆಲ್ಲಕ್ಕಿಂತ ಮುಖ್ಯ, ಜನ ನೋಡದೇ ಬಿಡುವುದು, ನಟ್ಟಿನ ಮೂತಿ. ಕೆಲವು ಚಕ್ರಕ್ಕೆ ಉಂಡೆ ಮೂತಿಯ ನಟ್ಟು, ಕೆಲವಕ್ಕೆ ಚೂಪು ಮೂತಿಯದು. ಒಂದರ ಜಾಗದಲ್ಲಿ ಇನ್ನೊಂದು ಹಾಕಿದರೂ ಸ್ಪಾನರಿಗೆ ಬಿಗಿಯೆಂದೇ ಅನ್ನಿಸುತ್ತದೆ. ಕಣ್ಣಿಗೂ ಬಿಗಿ. ಓಡಿದಂತೆಲ್ಲ ಅಲುಗಿ ಅಲುಗಿ, ಒಂದು ಜೋರಿನ ಗಳಿಗೆಯಲ್ಲಿ ಚಕ್ರ ತನ್ನ ದಾರಿ ತಾನು ಹಿಡಿಯುತ್ತದೆ. ಸರಿಯಾಗಿ ಕೂರಿಸಲು ಬಲ್ಲವನಿಗೆ ತಪ್ಪಾಗಿ ಕೂರಿಸುವುದನ್ನು ಯಾರೂ ಕಲಿಸಬೇಕಿಲ್ಲ.

ಶನಿವಾರ ಅವನು ಮೂರು ಚಕ್ರವನ್ನು ತನ್ನ ಇಪ್ಪತ್ತೆರಡು ವರ್ಷದ ಕಸುಬಿನ ಮರ್ಯಾದೆಗೆ ತಕ್ಕಂತೆ ಕೂರಿಸಿದ. ಬಲಗಡೆಯ ಮುಂದಿನದಕ್ಕೆ ರಿಂಗು ಹಾಕಲಿಲ್ಲ. ನಟ್ಟು ಬೇರೆ ಮೂತಿಯವು. ಇದು ಪಾಪ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದ. ಬೇರೆ ಏನು ಮಾಡಲೂ ಅವನ ಕೈಲಾಗಿರಲಿಲ್ಲ. ಕೆಲಸ ಮುಗಿದ ಮೇಲೆ ಕಾರನ್ನು ತಾನೇ ಹೊರಗೆ ತಂದು ನಿಲ್ಲಿಸಿದ. ಆಗ ಕಾರಿನೊಳಗೆ ಅವನ ಎಡಗಾಲು ಎರಡು ಸಲ ಬರಿನೆಲ ತುಳಿಯಿತು. ದೊಡ್ಡವರ ಕಾರಿನ ದೊಡ್ಡಸ್ತಿಕೆಯೇ ಬೇರೆ ಎಂದುಕೊಂಡು ಇಳಿದ.

ಹಾವು ಸಾಯಬೇಕು, ಕೋಲು ಮುರಿಯಬಾರದು. ಅದಕ್ಕೂ ಅವನು ಯೋಚಿಸಿದ್ದ. ಹೊಸ ಚಕ್ರ ಹಾಕಿದವರಿಗೆಲ್ಲ ಗ್ಯಾರೇಜಿನವರು ಒಂದು ಮಾತು ಹೇಳಿ ಕಳಿಸುತ್ತಾರೆ: ಐವತ್ತು ಕಿಲೋಮೀಟರ್ ಓಡಿಸಿ ಬಂದು ನಟ್ಟು ಇನ್ನೊಮ್ಮೆ ಟೈಟ್ ಮಾಡಿಸಿಕೊಳ್ಳಿ. ಮದುವೆ ಮನೆಯಲ್ಲಿ ‘ನಿಧಾನಕ್ಕೆ ಊಟ ಮಾಡಿ’ ಎಂದ ಹಾಗೆ ಅದು. ಹೇಳುವವನೂ ಮರೆಯುತ್ತಾನೆ, ಕೇಳುವವನೂ ಮರೆಯುತ್ತಾನೆ. ಇಪ್ಪತ್ತೆರಡು ವರ್ಷದಲ್ಲಿ ವಾಪಸು ಬಂದವರು ನಾಲ್ಕು ಜನರೂ ಇರಲಿಕ್ಕಿಲ್ಲ. ರುದ್ರಸ್ವಾಮಿ ಆ ದಿನ ಅದನ್ನು ಬಿಲ್ಲಿನ ಮೇಲೆ ಬರೆದು, ಚೆಲುವರಾಜುವಿನ ಸಹಿ ಹಾಕಿಸಿಕೊಂಡು, ಎದುರಿನ ಟೀ ಅಂಗಡಿಯ ಜವರಯ್ಯನಿಗೂ ಕೇಳುವಂತೆ ಕೂಗಿ ಹೇಳಿದ.

‘ಗೌಡ್ರೆ, ಬೇರೆ ಮಾಡೆಲ್ ಚಕ್ರ ಕಣ್ರೀ! ಐವತ್ ಕಿಲೋಮೀಟ್ರು ಓಡ್ಸಿ ಬಂದು ಟೈಟ್ ಮಾಡ್ಸೇ ಮಾಡುಸ್ಬೇಕು! ಆಮೇಲೆ ನನ್ನ ಅನ್ಬ್ಯಾಡಿ!’

‘ಆಗ್ಲಿ ಬುಡಿ ಸ್ವಾಮಿ, ನಿಮ್ ಮಾತು ಮೀರಾಕಿಲ್ಲ’ ಎಂದ ಚೆಲುವರಾಜು, ತುಂಬ ವಿನಯವಾಗಿ.

ಸೋಮವಾರ ಬೆಳಿಗ್ಗೆ ಚೆಲುವರಾಜು ಒಬ್ಬನೇ ಮೈಸೂರಿಗೆ ಹೋಗುತ್ತಾನೆ. ಪ್ರತಿ ಸೋಮವಾರ, ತಪ್ಪುವುದಿಲ್ಲ. ಬಿಳಿಕೆರೆ ದಾಟುತ್ತಲೇ ಆ ನೇರ ರಸ್ತೆ ಸಿಕ್ಕರೆ ಅವನ ಕಾಲು ತಡೆಯುವುದಿಲ್ಲ. ನಟ್ಟುಗಳು ಎಲ್ಲೆಲ್ಲೋ ಚೆಲ್ಲಿ ಹೋಗುತ್ತವೆ. ಯಾರೂ ಹುಡುಕಿ ಮೂತಿ ನೋಡುವುದಿಲ್ಲ. ಕೇಳಿದರೆ ಬಿಲ್ಲಿದೆ, ಸಹಿ ಇದೆ, ಜವರಯ್ಯನಿದ್ದಾನೆ. ತಮ್ಮ ಬಿದ್ದ ಜಾಗದಲ್ಲೇ ಅವನೂ ಬೀಳುತ್ತಾನೆ. ಈ ಲೆಕ್ಕ ಹಾಕಿಕೊಂಡು ರುದ್ರಸ್ವಾಮಿ ಶನಿವಾರ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ.

ಭಾನುವಾರ ಬೆಳಿಗ್ಗೆ ಪ್ರಭುಸ್ವಾಮಿ ಅಂಗಡಿಯ ಬಾಗಿಲು ತೆಗೆದು, ಫೋನು ಚಾರ್ಜಿಗೆ ಹಾಕಿ, ‘ಟೀ ಕುಡ್ದು ಬತ್ತೀನಣ್ಣ’ ಎಂದು ಹೋದ. ಎಷ್ಟು ಹೊತ್ತಾದರೂ ಬರಲಿಲ್ಲ. ಜವರಯ್ಯನ ಜೊತೆ ಹರಟೆಗೆ ಕೂತಿರಬೇಕು ಎಂದುಕೊಂಡು ರುದ್ರಸ್ವಾಮಿ ಬಾಗಿಲಿಗೆ ಅಡ್ಡ ನಿಂತ ಲಾರಿಯ ಮರೆಯಲ್ಲಿ ಕೂತು ಪಂಕ್ಚರಾದ ಚಕ್ರ ಬಿಚ್ಚುತ್ತಿದ್ದ. ಹನ್ನೊಂದರ ಹೊತ್ತಿಗೆ ಟೀ ಅಂಗಡಿಯಿಂದ ರಸ್ತೆ ದಾಟಿ ಬಂದವನು ಚೆಲುವರಾಜು. ನಡೆದುಕೊಂಡು ಬಂದಿದ್ದ.

‘ಕಾರೆಲ್ಲಿ ಗೌಡ್ರೆ?’

ಚೆಲುವರಾಜು ಟೈರಿನ ಮೇಲೆ ಕೂತ. ತಲೆ ತಗ್ಗಿಸಿಕೊಂಡೇ ಮಾತಾಡಿದ.

‘ಅವತ್ತು ಜೀಪು ಓಡುಸ್ತಿದ್ದೋನು ನಾನೇ ಸ್ವಾಮಿ. ತಿಮ್ಮಯ್ಯ ಅಲ್ಲ. ಮೂರು ವರ್ಸದಿಂದ ಏಳಾಕೆ ಬಾಯೇ ಬರ್ನಿಲ್ಲ. ಚಕ್ರದ ನೆಪ ಮಾಡ್ಕೊಂಡು ನಿಮ್ ಅಂಗ್ಡಿಗೆ ಬಂದಿದ್ದೇ ಅದುಕ್ಕೆ. ಮೊನ್ನೆ ನಿಮ್ ತಮ್ಮ ಕಾರ್ ಸವರ್ದಾಗ ಕರುಳು ಕಿತ್ಕೊ ಬಂತು. ಇವತ್ತು ಟೀ ಅಂಗ್ಡೀಲಿ ಅವ್ರ ಕಾಲಿಡ್ಕೊಂಡು ತಪ್ಪಾಯ್ತು ಅಂತ ಕೇಳ್ಕೊಂಡೆ. ಅಂಗೇ ಕೀನೂ ಕೊಟ್ಟೆ. ನೀವೇ ಏಳಿದ್ರಲ್ಲ, ಐವತ್ ಕಿಲೋಮೀಟ್ರು ಓಡ್ಸಿ ಬರ್ಬೇಕು ಅಂತ? ಅದ್ನ ನೀವೇ ಓಡ್ಸಿ ಬನ್ನಿ ಅಂದೆ. ಬಿಳಿಕೆರೆ ದಾಟಿ ತಿರುಗಿಸ್ಕೊಂಡ್ ಬತ್ತೀನಿ ಅಂತ ಓದ್ರು. ಮಗು ನಕ್ಕಂಗೆ ನಗ್ತಿದ್ರು ಸ್ವಾಮಿ.’

ಮೂರು ವರ್ಷ ಕಾದ ಮಾತು ಅದು. ರುದ್ರಸ್ವಾಮಿಯ ಕಿವಿಗೆ ಬಿದ್ದದ್ದು ಅದರ ಬಾಲ ಮಾತ್ರ. ಸ್ಪಾನರು ಬಿಟ್ಟು ಎದ್ದ. ತಮ್ಮನಿಗೆ ಫೋನು ಮಾಡಿದ. ಅದು ಅಲ್ಲೇ, ಚಾರ್ಜಿನ ವೈರಿನ ತುದಿಯಲ್ಲಿ ಹೊಡೆದುಕೊಂಡಿತು. ಎಷ್ಟೊತ್ತಾಯಿತು ಎಂದು ಕೇಳಿದ. ಗಂಟೆಯ ಮೇಲಾಯಿತಂತೆ, ಇಷ್ಟೊತ್ತಿಗೆ ಬರಬೇಕಿತ್ತಂತೆ.

ಇಲ್ಲ, ಇವನು ತಮಾಷೆ ಮಾಡುತ್ತಿದ್ದಾನೆ ಎಂದು ರುದ್ರಸ್ವಾಮಿ ಕೊನೆಯ ಹುಲ್ಲುಕಡ್ಡಿ ಹಿಡಿದುಕೊಂಡ. ‘ಸುಳ್ಳು ಏಳ್ಬ್ಯಾಡಿ ಗೌಡ್ರೆ! ಎಡಗಾಲಿಲ್ದೋನು ಎಂಗ್ರೀ ಓಡುಸ್ತಾನೆ? ಕ್ಲಚ್ಚು ಯಾವ ಕಾಲಲ್ಲಿ ತುಳೀತಾನೆ?’ ಎಂದು ಚೆಲುವರಾಜುವಿನ ಅಂಗಿ ಹಿಡಿದು ಅಲ್ಲಾಡಿಸಿದ. ಆದರೆ ಅಂಗಿ ಹಿಡಿದು ನಿಂತ ಹಾಗೆಯೇ ಅವನ ಎಡಗಾಲಿಗೆ ಶನಿವಾರ ತುಳಿದ ಬರಿನೆಲ ನೆನಪಾಯಿತು. ಚೆಲುವರಾಜು ಅವನ ಕೈ ಬಿಡಿಸಿಕೊಳ್ಳದೆ, ಸಮಾಧಾನ ಹೇಳುವವನಂತೆ ಮೆಲ್ಲಗೆ ಅಂದ: ‘ಆ ಕಾರ್ಗೆ ಕ್ಲಚ್ಚೇ ಇಲ್ವಲ್ಲ ಸ್ವಾಮಿ. ಬಲಗಾಲೊಂದಿದ್ರೆ ಸಾಕು.’