ಕಾಳವ್ವ ಅಕ್ಕಿ ಜಗಿದದ್ದು

ಕಾಳವ್ವನ ಆಡನ್ನು ಹಾಡಹಗಲೇ ಎಳೆದುಕೊಂಡು ಹೋದವನನ್ನು ಎದುರುಮನೆಯ ಗಿರಿಜವ್ವ ಕಣ್ಣಾರೆ ಕಂಡಿದ್ದಳು. ಆದರೆ ಬಾಯಿ ಬಿಡಲಿಲ್ಲ.

"ನಾಳೆ ಅಂವಾ ನಮ್ಮನಿಗೆ ಬಂದ್ರ ಯಾರ ಅದಾರ ಬೇ? ಪೋಲೀಸರ ಉಸಾಬರಿ ನಮ್ಮಂಥವರಿಗಲ್ಲ" ಎಂದಳು.

ಠಾಣೆಯವರು ಕಾಳವ್ವನನ್ನು ದಿನವಿಡೀ ಮೆಟ್ಟಿಲ ಮೇಲೆ ಕೂರಿಸಿ, ಆಡು ನಿನ್ನದೇ ಎನ್ನಲು ಸಾಕ್ಷಿ ಏನು ಎಂದು ಕೇಳಿ ಕಳಿಸಿದರು.

ಆಡು ಹೋದದ್ದಕ್ಕಿಂತ ಗಿರಿಜವ್ವನ ಮಾತು ಅವಳನ್ನು ಹೆಚ್ಚು ಸುಟ್ಟಿತು. ನಿಪ್ಪಾಣಿಯ ಆ ಬೀಡಿ ಕಟ್ಟುವವರ ಓಣಿಯಲ್ಲಿ ಯಾರೂ ಠಾಣೆ ಹತ್ತುತ್ತಿರಲಿಲ್ಲ, ಕಂಡದ್ದನ್ನು ಹೇಳುತ್ತಿರಲಿಲ್ಲ. ಹಾಗಾದರೆ ಗಿರಿಜವ್ವನಿಗೂ ಅದರ ರುಚಿ ಗೊತ್ತಾಗಲಿ ಎಂದುಕೊಂಡಳು.

ಅವಸರ ಮಾಡಲಿಲ್ಲ. ನಳಕ್ಕೆ ನೀರು ಬಂದು ಹೆಂಗಸರೆಲ್ಲ ಅಲ್ಲಿ ಜಗಳಕ್ಕೆ ನಿಂತಿದ್ದಾಗ, ಕಾಳವ್ವ ಗಿರಿಜವ್ವನ ಮನೆ ಹೊಕ್ಕು, ಆಕೆ ಹಬ್ಬಕ್ಕಷ್ಟೇ ಹೊರತೆಗೆಯುವ ತವರಿನ ತಾಮ್ರದ ಕೊಡವನ್ನು ಬುಟ್ಟಿಗಿಳಿಸಿ ಮೇಲೆ ಬೀಡಿ ಎಲೆ ಹರಡಿದಳು. ಎಲೆಬುಟ್ಟಿ ಹೊತ್ತವಳನ್ನು ಆ ಊರಲ್ಲಿ ಯಾರು ತಿರುಗಿ ನೋಡುತ್ತಾರೆ? ಬಸ್ಸು ಹತ್ತಿ ಕಾಗಲದಲ್ಲಿ ಹಳೇ ಪಾತ್ರೆ ಕೊಳ್ಳುವವನಿಗೆ ಮಾರಿ ಬಂದಳು. ಅದು ಮಹಾರಾಷ್ಟ್ರ, ಇಲ್ಲಿಯ ಪೋಲೀಸರು ಒಂದು ಕೊಡಕ್ಕಾಗಿ ಗಡಿ ದಾಟುವವರಲ್ಲ.

ಕದ್ದವರು ಓಣಿಯವರೇ ಎಂಬ ಸಂಶಯ ಬಂದರೆ ಹಿರಿಯ ಜಕ್ಕಪ್ಪ ಗುಡಿಯ ಮುಂದೆ ಎಲ್ಲರಿಗೂ ಹಸಿ ಅಕ್ಕಿ ಜಗಿಯಲು ಕೊಡುತ್ತಾನೆ, ಅಂಜಿಕೆಗೆ ಕಳ್ಳನ ಬಾಯಿ ಒಣಗಿ ಅಕ್ಕಿ ಹಿಟ್ಟಾಗಿ ಉದುರುತ್ತದೆ ಎಂದು ಅತ್ತೆ ಹೇಳುತ್ತಿದ್ದಳು. ಕಾಳವ್ವ ಅದನ್ನು ಕಂಡಿರಲಿಲ್ಲ, ಕೇಳಿದ್ದಳಷ್ಟೇ. ಅದಕ್ಕೂ ಸಿದ್ಧಳಾದಳು. ಕೊಡ ಹೋದದ್ದು ಗೊತ್ತಾಗಿ ಜಕ್ಕಪ್ಪನ ಕರೆ ಬಂದ ಬೆಳಿಗ್ಗೆ ಒಂದೆಸಳು ಹುಣಸೆಹಣ್ಣನ್ನು ದವಡೆಗೆ ಒತ್ತಿಕೊಂಡು ಗುಡಿಗೆ ಹೋದಳು. ಬಾಯಿ ತುಂಬ ನೀರೂರಿತು. ಇಷ್ಟೆಲ್ಲ ಮಾಡಿದ್ದಕ್ಕೆ ಹಿಗ್ಗೇನೂ ಆಗಲಿಲ್ಲ. ಬೇಗ ಮುಗಿದರೆ ಸಾಕು, ಮನೆಯಲ್ಲಿ ಎಲೆ ನೆನೆಯಿಟ್ಟು ಬಂದಿದ್ದಳು.

ಒಬ್ಬೊಬ್ಬರೇ ಜಗಿದು ತಂತಮ್ಮ ಮುಂದಿನ ಎಲೆಯ ಮೇಲೆ ಉಗುಳಿದರು. ಕಾಳವ್ವನೂ ಉಗುಳಿದಳು. ಅಕ್ಕಿ ಮೆತ್ತಗೆ ಅಂಬಲಿಯಂತಾಗಿತ್ತು. ನೆಮ್ಮದಿಯಿಂದ ತಲೆಯೆತ್ತಿ ಸಾಲನ್ನು ನೋಡಿದಳು. ಮುದುಕಿ ಸೋನಾಬಾಯಿಯದು ಒಣ ಹಿಟ್ಟು. ಧರೆಪ್ಪನದೂ ಹಿಟ್ಟು. ಕೊಡ ಕಳಕೊಂಡ ಗಿರಿಜವ್ವನದೂ ಹಿಟ್ಟೇ. ಕಳವಿನ ಮಾತು ತಿರುಗಿ ತನ್ನ ಮೇಲೇ ಬಂದೀತೇನೋ ಎಂದು ಆಕೆಗೂ ದಿಗಿಲು. ಆ ಓಣಿಯಲ್ಲಿ ಕದಿಯದವರಿಗೂ ಅಂಜಿಕೆ ಎಂಬುದೊಂದು ಕಾಳವ್ವನಿಗೆ ಹೊಳೆದಿರಲೇ ಇಲ್ಲ. ಜಕ್ಕಪ್ಪ ಅವಳ ಎಲೆಯ ಮುಂದೆ ಬಂದು ನಿಂತ. ಬಗ್ಗಿ ನೋಡಿ, ದಣಿದ ದನಿಯಲ್ಲಿ ಕೇಳಿದ: "ನಮಗೆಲ್ಲಾರಿಗೂ ಬಾಯಿ ಒಣಗೈತಿ ತಂಗಿ. ನಿನಗೊಬ್ಬಾಕಿಗೆ ಹ್ಯಾಂಗ ಒಣಗಲಿಲ್ಲ?"