ಯಾರಿಗೂ ಬೇಡವಾದ ಆರು ಚಿನ್ನದ ವಾಚು

ಮಂಗಳವಾರ ಬೆಳಿಗ್ಗೆ ಒಂಬತ್ತೂ ಮುಕ್ಕಾಲಕ್ಕೆ ಠಾಣೆಯ ಮೆಟ್ಟಿಲು ಹತ್ತಿ ಬಂದ ದೂರು ನೋಡುವುದಕ್ಕೆ ಸರಳವಾಗಿತ್ತು. ಮುಖ್ಯ ರಸ್ತೆಯ ವಾಚಿನ ಅಂಗಡಿಗೆ ಸೋಮವಾರ ವಾರದ ರಜೆ. ಆ ದಿನ ಯಾರೋ ಹಿಂಬಾಗಿಲ ಬೀಗ ಮುರಿದು ಒಳನುಗ್ಗಿ, ಗಾಜಿನ ಮೇಜು ಒಡೆದು, ಆರು ಚಿನ್ನದ ಸ್ಮಾರ್ಟ್‌ವಾಚುಗಳನ್ನು ಹೊತ್ತುಕೊಂಡು ಹೋಗಿದ್ದರು. ದೂರು ತಂದ ಯಜಮಾನರಿಗೆ ಎಪ್ಪತ್ತರ ಆಸುಪಾಸು. ಎಡಗಣ್ಣಿಗೆ ಬಿಳಿ ಪಟ್ಟಿ. ಅವರ ಕೈ ಹಿಡಿದುಕೊಂಡು ಬಂದವಳು ಮಗಳು. ಅಂಗಡಿಯಲ್ಲಿ ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು.

“ಕಣ್ಣಿಗೇನಾಯ್ತು?” ಇನ್ಸ್‌ಪೆಕ್ಟರ್ ಕೇಳಿದರು.

“ಪೊರೆ ತೆಗೆಸಿದೆ. ನಿನ್ನೆ ಇಡೀ ದಿನ ಆಸ್ಪತ್ರೇಲೇ ಇದ್ದೆ. ಈ ಒಂದು ಕಣ್ಣಲ್ಲಿ ಮೊದಲು ನೋಡಿದ್ದು ಒಡೆದ ಗಾಜು.”

“ಚಿನ್ನದ ಸ್ಮಾರ್ಟ್‌ವಾಚು ಅಂದ್ರೆ?”

ಯಜಮಾನರು ಮೂಗು ಮುರಿದರು. “ಫೋನು ಮಾಡೋ ಕೆಲಸಾನೇ ಮಾಡುತ್ತೆ, ಚಿನ್ನದ ಅಂಗಿ ಹಾಕ್ಕೊಂಡು. ಸಾಹುಕಾರರು ಮುಗಿಬೀಳ್ತಾರೆ ಅಂತ ಇವಳು ತರಿಸಿದ್ದು. ಅಂಗಡಿ ವಿಚಾರದಲ್ಲಿ ನಾನು ಯಾರನ್ನೂ ಕೇಳೋನಲ್ಲ. ಒಂದೇ ಒಂದು ಸಲ ಇವಳ ಮಾತು ಕೇಳಿದೆ.”

“ಎಷ್ಟು ಮಾರಾಟವಾಯ್ತು?”

“ಒಂದೂ ಇಲ್ಲ.”

ಇನ್ಸ್‌ಪೆಕ್ಟರ್ ಎಫ್ಐಆರ್ ದಾಖಲಿಸಲು ಹೇಳಿ ಟೋಪಿ ಎತ್ತಿಕೊಂಡರು.

ಹೆಡ್ ಕಾನ್‌ಸ್ಟೆಬಲ್‌ಗೆ ಠಾಣೆಯಲ್ಲಿ ಮೀಸೆ ಎಂದು ಹೆಸರು. ಮೀಸೆ ಬೋಳಿಸಿ ಹತ್ತು ವರ್ಷವಾಗಿತ್ತು, ಹೆಸರು ಮಾತ್ರ ಬೋಳಿಸಲಾಗದೆ ಉಳಿದುಕೊಂಡಿತ್ತು. ಜೀಪಿನಲ್ಲಿ ಅವರು ತಲೆ ಕೆರೆದುಕೊಂಡರು. “ನನ್ನ ಮಗಳೂ ಅಂಥದ್ದೊಂದು ಕಟ್ಕೋತಾಳೆ ಸಾರ್. ಎಷ್ಟು ಹೆಜ್ಜೆ ನಡೆದೆ ಅಂತ ಹೇಳುತ್ತಂತೆ. ಸಾಹುಕಾರರು ನಡೆಯೋದೇ ಕಾರಿನವರೆಗೆ. ಅದಕ್ಕೆ ಚಿನ್ನ ಬೇರೆ ಕೇಡು.”

ಅಂಗಡಿ ತಣ್ಣಗಿತ್ತು. ಸೊಂಟದೆತ್ತರದ ಗಾಜಿನ ಮೇಜುಗಳು ಸಾಲಾಗಿ ನಿಂತಿದ್ದವು. ಮೇಲೆ ಗಾಜು, ಮಾರುವವರು ನಿಲ್ಲುವ ಕಡೆ ಬೀಗವಿರುವ ಪುಟ್ಟ ಬಾಗಿಲು, ಒಳಗೆ ಒಂದೊಂದು ವಾಚಿಗೆ ಒಂದೊಂದು ಪುಟ್ಟ ದಿಂಬು. ನಡುವಿನ ಮೇಜಿನ ಗಾಜು ಮಾತ್ರ ಪುಡಿಪುಡಿ. ಪಕ್ಕದ ಮೇಜಿನಲ್ಲಿದ್ದ, ಅದಕ್ಕಿಂತ ಬೆಲೆಬಾಳುವ, ಕೀಲಿ ಕೊಡುವ ಹಳೆಯ ವಾಚುಗಳನ್ನು ಕಳ್ಳ ಮುಟ್ಟಿರಲಿಲ್ಲ. ಕ್ಯಾಮೆರಾದ ದೃಶ್ಯ ಸಂಗ್ರಹಿಸುವ ಡಬ್ಬಿಯನ್ನು ವೈರು ಕಿತ್ತು ಒಯ್ದಿದ್ದ. ಹಿಂಬಾಗಿಲ ಬಳಿ ಒಂದು ಕಬ್ಬಿಣದ ಸರಳು ಬಿದ್ದಿತ್ತು.

ಇಬ್ಬರು ಪಂಚರ ಮುಂದೆ ಮೀಸೆ ಪಂಚನಾಮೆ ಹೇಳಿ ಬರೆಸಿದರು. “ಒಡೆದ ಗಾಜಿನ ಚೂರುಗಳು. ಕೆಳಗೆ ಬೂದು ಬಣ್ಣದ ದಿಂಬುಗಳು ಆರು, ಸಾಲಾಗಿ, ಮೇಲೆಲ್ಲ ಗಾಜಿನ ಪುಡಿ. ಬರ್ಕೊಂಡ್ಯಾ? ಸರಳು ಒಂದು.” ಪ್ರತಿಯೊಂದಕ್ಕೂ ಫೋಟೋ ತೆಗೆದರು. ಇನ್ಸ್‌ಪೆಕ್ಟರ ಕಣ್ಣೆಲ್ಲ ಆ ಸರಳಿನ ಮೇಲಿತ್ತು.

ಅದು ಅಂಗಡಿಯ ಕಾವಲುಗಾರನ ಸರಳು. ಷಟರ್ ಎಳೆಯುವುದಕ್ಕೆಂದು ಅವನ ಕುರ್ಚಿಯ ಪಕ್ಕ ಸದಾ ಇರುತ್ತಿತ್ತು.

“ನಿನ್ನೆ ಎಲ್ಲಿದ್ದೆ?”

“ಇಲ್ಲೇ ಸಾರ್. ಕುರ್ಚಿ ಬಿಟ್ಟು ಏಳ್ಲಿಲ್ಲ.”

“ಊಟಕ್ಕೆ?”

“ಇಲ್ಲೇ ತಂದಿದ್ದೆ.”

ಎದುರಿನ ದರ್ಜಿ ಇದನ್ನು ಕೇಳಿ ನಕ್ಕುಬಿಟ್ಟ. ಕಾವಲುಗಾರ ಮಧ್ಯಾಹ್ನ ಸೈಕಲ್ ಹತ್ತಿ ಹೋದದ್ದನ್ನೂ ಒಂದು ಗಂಟೆ ಬಿಟ್ಟು ಬಂದದ್ದನ್ನೂ ಅವನು ಕಣ್ಣಾರೆ ಕಂಡಿದ್ದ. ಇನ್ಸ್‌ಪೆಕ್ಟರಿಗೆ ರೇಗಿತು. ಕಳ್ಳತನವನ್ನಾದರೂ ಅವರು ಸಹಿಸಿಕೊಳ್ಳುತ್ತಿದ್ದರೇನೋ, ಮುಖ ನೋಡಿಕೊಂಡು ಹೇಳುವ ಸುಳ್ಳನ್ನು ಸಹಿಸುತ್ತಿರಲಿಲ್ಲ. ಹನ್ನೆರಡು ಗಂಟೆಗೆ ಕಾವಲುಗಾರ ಲಾಕಪ್ಪಿನಲ್ಲಿದ್ದ. ಅವನನ್ನು ಜೀಪಿಗೆ ಹತ್ತಿಸುವಾಗ ಅಕ್ಕ ಅಂಗಡಿಯ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು.

ಒಂದೂವರೆಗೆ ಮೇಲಧಿಕಾರಿಯ ಫೋನು ಬಂತು. ಸುದ್ದಿ ಆಗಲೇ ಊರೆಲ್ಲ ಹಬ್ಬಿತ್ತು. ಚಿನ್ನ, ಸಾಹುಕಾರರು, ಕಳ್ಳ. ಟೀವಿಯವರಿಗೆ ಇನ್ನೇನು ಬೇಕು?

“ಸರಳು ಅವನದು, ಸುಳ್ಳು ಹೇಳಿದ್ದಾನೆ. ಇನ್ನೇನ್ ಕಾಯ್ತಿದ್ದೀರಿ? ಆರು ಗಂಟೆಗೆ ನ್ಯಾಯಾಧೀಶರ ಮುಂದೆ ಹಾಜರುಪಡಿಸಿ ಜೈಲಿಗೆ ಕಳಿಸಿ. ಮಾಲು ಆಮೇಲೆ ಬಾಯಿ ಬಿಡಿಸಿದ್ರೆ ಸಿಗುತ್ತೆ.”

“ಸಾರ್,” ಎಂದರು ಇನ್ಸ್‌ಪೆಕ್ಟರ್. ಬಾಯಿ ಬಿಡಿಸುವುದೆಂದರೆ ಏನೆಂದು ಅವರಿಗೆ ಗೊತ್ತಿತ್ತು. ಕಂಬಿಯ ಹಿಂದೆ ಗೋಡೆಗೆ ಒತ್ತಿಕೊಂಡು ಕೂತಿದ್ದವನಿಗೂ ಗೊತ್ತಿರಬೇಕು.

ಹೊರಗಿನ ಬೆಂಚಿನ ಮೇಲೆ ಒಬ್ಬ ಹೆಂಗಸು ಮಡಿಲಲ್ಲಿ ಊಟದ ಡಬ್ಬಿ ಇಟ್ಟುಕೊಂಡು ಕೂತಿದ್ದಳು, ಕಾವಲುಗಾರನ ಹೆಂಡತಿ.

“ನಿನ್ನೆ ನಿನ್ನ ಗಂಡ ಎಲ್ಲಿದ್ದ?”

“ಮನೇಲಿ ಸಾರ್. ಸೋಮವಾರ ನಂಗೂ ರಜ. ವಾರಕ್ಕೆ ಅದೊಂದು ದಿನ ಇಬ್ಬರೂ ಕೂತು ಊಟ ಮಾಡ್ತೀವಿ. ಅಂಗಡಿಯೋರಿಗೆ ಗೊತ್ತಾದ್ರೆ ಕೆಲಸ ಹೋಗುತ್ತೆ ಅಂತ ಹೇಳಿರಲ್ಲ.” ಅವಳು ತಲೆ ಎತ್ತಿದಳು. “ಊಟಕ್ಕೆ ಬಂದಿದ್ದು ಅಷ್ಟು ದೊಡ್ಡ ತಪ್ಪಾ ಸಾರ್?”

ಇನ್ಸ್‌ಪೆಕ್ಟರ್ ಅವಳ ಮಡಿಲಿನ ಡಬ್ಬಿಯ ಕಡೆ ನೋಡಿದರು. ಹೆಂಡತಿಯ ಸಾಕ್ಷಿಗೆ ಮೇಲಧಿಕಾರಿಯ ಮುಂದೆ ಮೂರು ಕಾಸಿನ ಬೆಲೆಯೂ ಇಲ್ಲ. ಆದರೆ ಅವನು ಕದ್ದಿದ್ದರೆ ತನ್ನದೇ ಸರಳನ್ನು ಅಲ್ಲೇ ಬಿಟ್ಟು, ಮರುದಿನ ಬೆಳಿಗ್ಗೆ ಅದೇ ಕುರ್ಚಿಯಲ್ಲಿ ಬಂದು ಕೂರುತ್ತಿದ್ದನೇ? ಬೆಳಿಗ್ಗೆ ಸಿಟ್ಟಿನ ಭರದಲ್ಲಿ ಈ ಪ್ರಶ್ನೆಯನ್ನು ತಾವೇ ಕೇಳಿಕೊಳ್ಳಲಿಲ್ಲವಲ್ಲ ಎಂದು ಅವರಿಗೆ ನಾಚಿಕೆಯಾಯಿತು.

“ಮೀಸೆ, ಗಾಡಿ ತೆಗಿ. ಅಂಗಡಿಗೆ ಇನ್ನೊಂದು ಸಲ ಹೋಗೋಣ.”

ಅವರು ಹೋದಾಗ ನಾಲ್ಕೂವರೆ. ಯಜಮಾನರು ನಡುವಿನ ಮೇಜಿಗೊಂದು ಬಟ್ಟೆ ಹೊದಿಸಿ ಅಂಗಡಿ ತೆರೆದಿದ್ದರು. ಬಾಗಿಲು ಹಾಕಿದರೆ ಗಿರಾಕಿಗಳು ಹೆದರುತ್ತಾರೆ ಎಂಬುದು ಅವರ ವಾದ. ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಒಂದು ಕರೆ ಮುಗಿಸಿ ಅಕ್ಕ ರಿಸೀವರ್ ಇಟ್ಟಳು. ಬೆಳಿಗ್ಗೆ ಸಪ್ಪಗಿದ್ದ ಮುಖದಲ್ಲಿ ಈಗ ಒಂದು ಬಗೆಯ ಕಾಂತಿ.

“ಯಾರು?”

“ಗಿರಾಕಿಗಳು. ಇದು ಏಳನೇ ಕರೆ. ಇನ್ನೂ ಉಳಿದಿದೆಯಾ, ನಮಗೊಂದು ತೆಗೆದಿಡಿ ಅಂತಾರೆ.”

ಯಜಮಾನರು ಗೊಣಗಿದರು. “ಇದೇ ಜನ ಹೋದ ವಾರ ಇಲ್ಲೇ ಬಂದು ಕೂತಿದ್ರು. ಇವಳು ಎಲ್ಲರನ್ನೂ ಕರೆಸಿ, ಒಬ್ಬೊಬ್ಬರ ಕೈಗೂ ಕಟ್ಟಿ ತೋರಿಸಿದ್ಲು. ಒಬ್ಬರು ಕೇಳಿದ್ರು, ‘ಏನಮ್ಮಾ, ಅಜ್ಜನ ವಾಚು ಮೊಮ್ಮಗನಿಗೆ ಬರುತ್ತೆ. ಇದು ಎರಡು ವರ್ಷಕ್ಕೆ ಹಳೇದಾಗುತ್ತೆ. ಆಮೇಲೆ ಮೊಮ್ಮಗನಿಗೆ ಏನು, ಚಾರ್ಜರ್ ಕೊಡ್ಲಾ?’ ಅಂತ. ಎಲ್ಲರೂ ಬಿದ್ದು ಬಿದ್ದು ನಕ್ಕರು.”

“ನೀವು?”

“ನಾನೂ ನಕ್ಕೆ. ನಿಜಾನೇ ಅಲ್ವಾ?”

ಅಕ್ಕ ಮುಖ ತಿರುಗಿಸಿದಳು. ಅಷ್ಟರಲ್ಲಿ ಗಿರಾಕಿಯೊಬ್ಬರು ಬಂದು ಕೀಲಿ ವಾಚೊಂದನ್ನು ಬೆರಳು ಮಾಡಿ ತೋರಿಸಿದರು. ಅವಳು ಸೊಂಟದ ಗೊಂಚಲಿನಿಂದ ಕೀಲಿ ತೆಗೆದು ಮೇಜಿನ ಬಾಗಿಲು ತೆರೆದಳು. ಬಲಗೈ ವಾಚನ್ನು ಎತ್ತಿತು. ಎಡಗೈ, ಅವಳ ಕಣ್ಣು ಅತ್ತ ಹೊರಳದಿದ್ದರೂ, ಖಾಲಿಯಾದ ದಿಂಬನ್ನು ಮಗುಚಿ ಹಾಕಿತು. ಮೇಲಿದ್ದ ಕಪ್ಪು ಮಖಮಲ್ ಕೆಳಗೆ ಹೋಯಿತು. ಕೆಳಗಿದ್ದ ಬೂದು ಬಟ್ಟೆ ಮೇಲೆ ಬಂತು.

ಇನ್ಸ್‌ಪೆಕ್ಟರ ದೃಷ್ಟಿ ಆ ದಿಂಬಿನ ಮೇಲೆ ನಿಂತಿತು.

“ಯಜಮಾನರೇ, ಆ ದಿಂಬು ಯಾಕೆ ಮಗುಚಿದ್ರು?”

“ಅದಾ?” ಯಜಮಾನರ ಒಂಟಿಕಣ್ಣು ಹೆಮ್ಮೆಯಿಂದ ಅರಳಿತು. “ನಮ್ಮಪ್ಪ ಕಲಿಸಿದ್ದು. ವಾಚಿನ ಗುರುತು ಬಿದ್ದ ಖಾಲಿ ಮಖಮಲ್ಲು ಗಿರಾಕಿ ಕಣ್ಣಿಗೆ ಬೀಳಬಾರದು, ಒಳ್ಳೇದು ಯಾರೋ ಒಯ್ದುಬಿಟ್ರು, ಉಳಿದಿದ್ದು ನನಗೆ ಅಂತ ಅನ್ನಿಸುತ್ತೆ. ತೆಗೆದ ಕೂಡಲೇ ಮಗುಚಬೇಕು. ಬೇರೆ ಯಾವ ಅಂಗಡೀಲೂ ಇದಿಲ್ಲ. ಇವಳಿಗೆ ಸಣ್ಣವಳಿದ್ದಾಗಲೇ ಕಲಿಸಿದೀನಿ. ನಿದ್ದೇಲೂ ಮರೆಯಲ್ಲ.”

ಮೀಸೆ ಕೇಳಿಸಿಕೊಳ್ಳುತ್ತಲೇ ಫೋನು ತೆಗೆದು ಬೆಳಗಿನ ಫೋಟೋ ದೊಡ್ಡದು ಮಾಡಿ ಹಿಡಿದಿದ್ದರು. ಆರು ಬೂದು ದಿಂಬುಗಳು ಸಾಲಾಗಿ, ಮೇಲೆಲ್ಲ ಗಾಜಿನ ಪುಡಿ. ಇನ್ಸ್‌ಪೆಕ್ಟರ್ ಮೇಜಿನ ಬಟ್ಟೆ ಸರಿಸಿ, ಒಂದು ದಿಂಬನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು. ಅಡಿಯ ಮಖಮಲ್ಲಿನಲ್ಲಿ ಒಂದು ಚೂರು ಗಾಜೂ ಇರಲಿಲ್ಲ.

ಗಿರಾಕಿ ಹೋಗುವವರೆಗೆ ಅವರು ಕಾದರು. ಆಮೇಲೆ ಮೀಸೆಗೆ ಕಣ್ಸನ್ನೆ ಮಾಡಿದರು. ಮೀಸೆ ಷಟರನ್ನು ಅರ್ಧ ಎಳೆದರು. ಜೊತೆಗೆ ಬಂದಿದ್ದ ಮಹಿಳಾ ಕಾನ್‌ಸ್ಟೆಬಲ್ ಅಕ್ಕನ ಹತ್ತಿರ ಹೋಗಿ ನಿಂತಳು. ಗೋಡೆಯ ಮೇಲಿನ ಗಡಿಯಾರಗಳೆಲ್ಲ ಐದು ಗಂಟೆ ಹೊಡೆದವು. ನ್ಯಾಯಾಧೀಶರ ಮುಂದೆ ಹೋಗಲು ಇನ್ನೊಂದು ಗಂಟೆ.

“ಕಳ್ಳ ಗಾಜು ಒಡೆದು ವಾಚು ತೆಗೆದಿಲ್ಲ,” ಎಂದರು ಇನ್ಸ್‌ಪೆಕ್ಟರ್. “ಮೊದಲು ಕೀಲಿ ಹಾಕಿ ಬಾಗಿಲು ತೆಗೆದು, ವಾಚು ಎತ್ಕೊಂಡು, ದಿಂಬು ಮಗುಚಿಟ್ಟಿದ್ದಾನೆ. ಗಾಜು ಒಡೆದಿದ್ದು ಆಮೇಲೆ. ಅದಕ್ಕೇ ಪುಡಿಯೆಲ್ಲ ಬೂದು ಬಟ್ಟೆ ಮೇಲೆ ಬಿದ್ದಿದೆ. ಕೀಲಿ ಇರೋನು ಗಾಜು ಯಾಕೆ ಒಡೀತಾನೆ? ಹೊರಗಿನೋರು ಬಂದಿದ್ರು ಅಂತ ತೋರಿಸೋಕೆ. ಈ ಮೇಜುಗಳ ಕೀಲಿ ಯಾರ್ಯಾರ ಹತ್ರ ಇದೆ?”

ಯಜಮಾನರ ಕೈ ತಮ್ಮ ಸೊಂಟದ ಕಡೆ ಹೋಗಿ ನಿಂತಿತು. ಮುಖದ ಬಣ್ಣ ಇಳಿಯಿತು. ಎರಡೇ ಗೊಂಚಲು; ಒಂದು ಅವರದು.

“ನನ್ನ ಹತ್ರ,” ಎಂದರು ಗಟ್ಟಿಯಾಗಿ. “ನಾನೇ ತೆಗೆದೆ.”

“ಯಾವಾಗ?”

“ನಿನ್ನೆ. ಮಧ್ಯಾಹ್ನ.”

“ನಿನ್ನೆ ಮಧ್ಯಾಹ್ನ ನೀವು ಕಣ್ಣಿಗೆ ಪಟ್ಟಿ ಕಟ್ಟಿಸ್ಕೊಂಡು ಆಸ್ಪತ್ರೇಲಿ ಮಲಗಿದ್ರಿ.”

“ಎದ್ದು ಬಂದೆ. ನನ್ನ ಅಂಗಡಿ, ನನ್ನ ಮಾಲು. ಬರೀರಿ, ನಾನೇ ಕದ್ದಿದ್ದು.”

“ಹಾಗಾದ್ರೆ ವಾಚು ಎಲ್ಲಿ?”

ಮುದುಕರು ಸುತ್ತ ಒಮ್ಮೆ ನೋಡಿದರು, ತಮ್ಮದೇ ಅಂಗಡಿಯಲ್ಲಿ ದಾರಿ ತಪ್ಪಿದವರ ಹಾಗೆ.

“ಅಪ್ಪ, ಸಾಕು,” ಎಂದಳು ಮಗಳು. “ಹಳೇ ಬೆಲ್ಟುಗಳ ಡಬ್ಬೀಲಿದೆ. ಹಿಂದಿನ ರೂಮಲ್ಲಿ, ಎಲ್ಲಕ್ಕಿಂತ ಕೆಳಗೆ. ಕ್ಯಾಮೆರಾ ಡಬ್ಬೀನೂ ಅಲ್ಲೇ. ಮಾರಾಟ ಆಗದೇ ಇರೋದನ್ನ ಈ ಅಂಗಡೀಲಿ ಯಾರೂ ತೆಗೆದು ನೋಡಲ್ಲ.”

ಮೀಸೆ ಪಕ್ಕದ ಅಂಗಡಿಗಳಿಂದ ಇಬ್ಬರು ಪಂಚರನ್ನು ಕರೆಸಿಕೊಂಡು ಹಿಂದಕ್ಕೆ ಹೋದರು. ಐದು ನಿಮಿಷದಲ್ಲಿ ಆರೂ ವಾಚುಗಳು ಪಂಚರ ಮುಂದೆ ಮೇಜಿನ ಮೇಲಿದ್ದವು, ಪಂಚನಾಮೆಯ ಹಾಳೆಯ ಪಕ್ಕ ಸುಮ್ಮನೆ ಹೊಳೆಯುತ್ತಾ.

“ಮಾರೋಕಲ್ಲ ಅಂತ ಗೊತ್ತಾಯ್ತು. ಮತ್ತೆ ಯಾಕೆ?” ಇನ್ಸ್‌ಪೆಕ್ಟರ್ ಕೇಳಿದರು.

“ನಾಳೆ ಕಂಪನಿಯೋರು ಬಂದು ವಾಪಸ್ ತಗೊಂಡು ಹೋಗೋರಿದ್ರು. ಹದಿನೆಂಟು ವರ್ಷ ಈ ಅಂಗಡೀಲಿ ನಿಂತಿದೀನಿ ಸಾರ್. ಇದು ನಾನೇ ಆರಿಸಿ ತಂದ ಮೊದಲನೇ ಮಾಲು. ಅವತ್ತು ಎಲ್ಲರೂ ನಕ್ಕಾಗ ನಂಗೇನೂ ಅನ್ನಿಸ್ಲಿಲ್ಲ.” ಅವಳು ಅಪ್ಪನ ಕಡೆ ತಿರುಗಿದಳು. “ಅಪ್ಪನೂ ನಕ್ಕರು. ಬೇಡ ಅಂತ ವಾಪಸ್ ಹೋಗೋದಕ್ಕಿಂತ ಕಳುವಾದ್ರೇ ಮರ್ಯಾದೆ ಅನ್ನಿಸ್ತು. ಒಬ್ಬ ಕಳ್ಳನಿಗಾದ್ರೂ ಬೇಕಾಯ್ತಲ್ಲ ಅಂತ ಆಗ್ಲಿ ಅಂದ್ಕೊಂಡೆ.”

“ಕಾವಲುಗಾರ?”

“ಸೋಮವಾರ ಅವನು ಮನೆಗೆ ಹೋಗಿ ಊಟ ಮಾಡ್ತಾನೆ ಅಂತ ನಂಗೆ ಮೊದಲಿಂದ ಗೊತ್ತು. ಅದೇ ಹೊತ್ತು ನೋಡ್ಕೊಂಡು ಆಸ್ಪತ್ರೆಯಿಂದ ಬಂದೆ. ಸರಳು ಕೈಗೆ ಸಿಕ್ತು. ಅವನ ತಲೆ ಮೇಲೆ ಬರುತ್ತೆ ಅಂತ ಯೋಚನೆ ಮಾಡ್ಲಿಲ್ಲ.”

“ನಿನ್ನೆ ಯೋಚನೆ ಮಾಡ್ಲಿಲ್ಲ, ಒಪ್ಪಿದೆ. ಇವತ್ತು ಅವನನ್ನ ಜೀಪಿಗೆ ಹತ್ತಿಸಿದಾಗ ಬಾಗಿಲಲ್ಲೇ ನಿಂತಿದ್ರಲ್ಲ?”

ಅವಳು ಫೋನಿನ ಕಡೆ ನೋಡಿದಳು. “ಆಗ ಕರೆ ಬರೋಕೆ ಶುರುವಾಗಿತ್ತು,” ಎಂದಳು. ಅದು ಎಂಥ ಉತ್ತರ ಎಂದು ಹೇಳಿದ ಮೇಲೆ ಅವಳಿಗೇ ತಿಳಿದಿರಬೇಕು. ಮುಖ ಮುಚ್ಚಿಕೊಂಡು ಅಳತೊಡಗಿದಳು. ಇನ್ಸ್‌ಪೆಕ್ಟರಿಗೆ ಅಯ್ಯೋ ಎನಿಸಿತು. ಬೆಂಚಿನ ಮೇಲಿನ ಹೆಂಗಸಿನ ನೆನಪೂ ಆಯಿತು. ಬಂಧನದ ಮಾತನ್ನು ಹೇಳಬೇಕಾದ ಹಾಗೆಯೇ, ಒಂದಕ್ಷರ ಬಿಡದೆ ಹೇಳಿದರು.

ಐದೂ ಮುಕ್ಕಾಲಕ್ಕೆ ಮೇಲಧಿಕಾರಿಗೆ ಫೋನು ಹೋಯಿತು. “ಸರಿ, ಅವನನ್ನ ಬಿಟ್ಟುಬಿಡಿ,” ಎಂಬ ಮಾತಿನಲ್ಲಿ ಮಧ್ಯಾಹ್ನದ ಮಾತಿನ ಸುಳಿವೇ ಇರಲಿಲ್ಲ. ಠಾಣೆಯಲ್ಲಿದ್ದ ಕಾನ್‌ಸ್ಟೆಬಲ್‌ಗೆ ಮೀಸೆ ಫೋನು ಮಾಡಿ ಬಾಗಿಲು ತೆಗೆಯಲು ಹೇಳಿದರು. ಹೊರಗೆ ಬಂದ ಕಾವಲುಗಾರ ಹೆಂಡತಿಯ ಪಕ್ಕ ಕೂತು, ಆರಿಹೋದ ಊಟವನ್ನು ಅಲ್ಲೇ ಬೆಂಚಿನ ಮೇಲೆ ತಿನ್ನತೊಡಗಿದ್ದಾನೆಂದು ಕಾನ್‌ಸ್ಟೆಬಲ್ ವರದಿ ಒಪ್ಪಿಸಿದ. “ತಿನ್ನಲಿ ಬಿಡು,” ಎಂದರು ಮೀಸೆ, “ಯಾರೂ ಎಬ್ಬಿಸ್ಬೇಡಿ.”

ಮಹಿಳಾ ಕಾನ್‌ಸ್ಟೆಬಲ್ ಅಕ್ಕನ ತೋಳು ಹಿಡಿದು ನಡೆಸಿಕೊಂಡು ಹೊರಟಳು. ಯಜಮಾನರು ಎದ್ದು ನಿಂತವರು ಹಾಗೆಯೇ ನಿಂತಿದ್ದರು. ಇಬ್ಬರೂ ಷಟರಿನ ಬಳಿ ತಲುಪಿದಾಗ ಫೋನು ಮತ್ತೆ ಬಡಿದುಕೊಂಡಿತು. ಯಾರೂ ಎತ್ತಲಿಲ್ಲ. ಅದು ನಿಲ್ಲಲೂ ಇಲ್ಲ. ಕೊನೆಗೆ ಯಜಮಾನರು ತಡಕಾಡಿ ರಿಸೀವರ್ ಎತ್ತಿದರು. ನಿಶ್ಶಬ್ದವಾದ ಅಂಗಡಿಯಲ್ಲಿ ಆಚೆಯ ದನಿ ಎಲ್ಲರಿಗೂ ಕೇಳಿಸಿತು. ಹೋದ ವಾರ ಚಾರ್ಜರಿನ ಮಾತಾಡಿದವರ ದನಿಯೇ ಎಂದು ಯಜಮಾನರ ಮುಖ ನೋಡಿದರೆ ತಿಳಿಯುತ್ತಿತ್ತು.

“ಕಳುವಾಗಿದ್ದೇನಾದ್ರೂ ಸಿಕ್ಕಿದ್ರೆ, ಅದರಲ್ಲೇ ಒಂದು ನನಗಿರಲಿ. ಹೊಸದು ಬೇಡ. ಟೀವೀಲಿ ಬಂತಲ್ಲ, ಅದೇ ಬೇಕು. ಎಷ್ಟಾದ್ರೂ ಸರಿ. ಕೊಡ್ತೀರಾ?”

ಮಗಳು ಹೊಸ್ತಿಲಲ್ಲಿ ನಿಂತಳು. ಇನ್ಸ್‌ಪೆಕ್ಟರ್ ಅವಳಿಗೆ ಮುಂದಕ್ಕೆ ಹೋಗು ಎನ್ನಲಿಲ್ಲ.

ಯಜಮಾನರು ರಿಸೀವರನ್ನು ಕಿವಿಗೆ ಒತ್ತಿಕೊಂಡೇ ಬಾಗಿಲ ಕಡೆ ತಿರುಗಿದರು. ಪಟ್ಟಿ ಕಟ್ಟದ ಕಣ್ಣಿನಿಂದ ನೀರು ಇಳಿಯುತ್ತಿತ್ತು.

“ಗೊತ್ತಿಲ್ಲ ಸ್ವಾಮಿ,” ಎಂದರು. “ಮಗಳನ್ನ ಕೇಳಿ ಹೇಳ್ತೀನಿ.”