ಕಪ್ಪಾಗದ ಗೆರೆ

“ಗೆರೆ ಕಪ್ಪಾಗಿದೆ ತಾನೇ ಮಗಳೇ?”

ಸೊಸೆ ಊಟದ ಮೇಜಿನ ಮೇಲಿಟ್ಟ ಟೇಪಿನ ತುಂಡನ್ನು ಮಾವ ಕಣ್ಣಿನ ಹತ್ತಿರ ಹಿಡಿದು, ಓರೆಯಾಗಿಸಿ, ಮತ್ತೆ ನೇರವಾಗಿಸಿ, ಕೊನೆಗೆ ಅವಳನ್ನೇ ಕೇಳಿದರು. ಆ ಟೇಪಿನ ಮೇಲೆ ಗೆರೆಗಳು ಇದ್ದೂ ಇಲ್ಲದಂತೆ ಮಸುಕಾಗಿದ್ದವು. ಕಪ್ಪೆಂಬುದು ಸಾಸಿವೆಯಷ್ಟೂ ಇರಲಿಲ್ಲ!

ಸೂಕ್ಷ್ಮಜೀವಿ ವಿಭಾಗದಲ್ಲಿ ಅವಳು ಪಿಎಚ್.ಡಿ. ಮಾಡುತ್ತಿದ್ದಳು; ಮಾವ ಅದೇ ವಿಭಾಗದ ಅಟೆಂಡರ್. ಬಾಟಲಿಗಳನ್ನು ತೊಳೆದು, ಗಂಟು ಕಟ್ಟಿ, ದೊಡ್ಡ ಕುಕ್ಕರಿನಂಥ ಯಂತ್ರದಲ್ಲಿ ಬೇಯಿಸಿ, ಒಂದು ಕ್ರಿಮಿಯೂ ಉಳಿಯದಂತೆ ಮಾಡಿಕೊಡುವುದು ಅವರ ಕೆಲಸ. ಕಾವು ಸರಿಯಾಗಿ ತಗುಲಿದರೆ ಗಂಟಿಗೆ ಅಂಟಿಸಿದ ಟೇಪಿನ ಗೆರೆ ಕಪ್ಪಾಗುತ್ತದೆ. ಬೇರೆಯವರ ಗಂಟುಗಳನ್ನು ಜೊತೆಯ ಅಟೆಂಡರಿಗೆ ಬಿಟ್ಟರೂ ಸೊಸೆಯದನ್ನು ಮಾತ್ರ ಅವರು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಅವಳಾದರೂ ಅಷ್ಟೆ, ಮಾವ ಕಟ್ಟಿದ ಗಂಟೆಂದರೆ ಕಣ್ಣು ಮುಚ್ಚಿ ಬಿಚ್ಚುತ್ತಿದ್ದಳು.

ಅವಳು ಮೂರು ದಿನಕ್ಕೆ ಎಸೆಯುತ್ತಿದ್ದ, ಸೂಕ್ಷ್ಮಜೀವಿ ಬೆಳೆಸುವ ಪುಟ್ಟ ತಟ್ಟೆಗಳನ್ನು ಗೈಡ್ ಮೇಡಂ ಈ ಸಲ ಹತ್ತು ದಿನ ಇಟ್ಟು ನೋಡಿದ್ದರು. ಜೀವಿಯನ್ನೇ ಹಾಕದ, ಏನೂ ಬೆಳೆಯಬಾರದಿದ್ದ ಬರಿ ತಟ್ಟೆಗಳಲ್ಲೂ ಬಿಳಿ ಚುಕ್ಕೆಗಳು ಎದ್ದಿದ್ದವು! ಕಪಾಟಿನ ಹಳೆಯ ಬಾಟಲಿಗಳಲ್ಲೂ ಅದೇ ಕಥೆ. “ಎರಡು ವರ್ಷದ್ದು ಯಾವುದನ್ನೂ ನಂಬೋ ಹಾಗಿಲ್ಲ. ತಪ್ಪು ಯಾರದು ಅಂತ ಸಂಜೆಯೊಳಗೆ ಬರೆದು ಕೊಡು. ನಿನ್ನದಲ್ಲದಿದ್ದರೆ ಇನ್ನೆರಡು ವರ್ಷ ಅವಧಿ ಕೇಳಬಹುದು. ನಿನ್ನದೇ ಆದರೆ ವಿದ್ಯಾರ್ಥಿವೇತನ ನಿಲ್ಲುತ್ತೆ,” ಎಂದು ಬೆಳಿಗ್ಗೆ ಹೇಳಿದ್ದರು. ಆಮೇಲೇ ಅವಳು ಮೊದಲ ಸಲ ಟೇಪನ್ನು ಕಣ್ಣುಬಿಟ್ಟು ನೋಡಿದ್ದು.

“ಮಾವ... ಇದು ಕಪ್ಪಾಗೇ ಇಲ್ಲ. ನಿಮಗೆ... ನಿಮಗೆ ಕಾಣ್ತಿಲ್ವಾ?”

ಮಾವ ನಗಲು ನೋಡಿದರು. “ಕನ್ನಡಕ ಎಲ್ಲಿಟ್ಟೆನೋ ಏನೋ...” ಎಂದರು.

ಕನ್ನಡಕ ಮೂಗಿನ ಮೇಲೇ ಇತ್ತು!

ಒಲೆಯ ಮುಂದಿದ್ದ ಅತ್ತೆ ಸೌಟು ಕುಕ್ಕಿ ತಿರುಗಿದರು. ಈ ಅತ್ತೆಯ ನಾಲಿಗೆಯ ವಿಚಾರ ಕೇಳದಿರುವುದೇ ಮೇಲು. “ಬೂಷ್ಟು ಬೆಳೆಸೋದಕ್ಕೆ ಡಿಗ್ರಿ ಬೇರೆ ಕೇಡು! ನಾಲ್ಕು ದಿನ ಬ್ರೆಡ್ ಮರೆತಿಟ್ಟರೆ ನಮ್ಮನೇಲೇ ಬೆಳೆಯುತ್ತೆ. ಸಾಕು, ಬಿಟ್ಟು ಬಾ” ಎಂದು ಎರಡು ವರ್ಷದಿಂದ ದಿನಕ್ಕೊಮ್ಮೆಯಾದರೂ ಚುಚ್ಚದೆ ಬಿಟ್ಟವರಲ್ಲ. ಲಾರಿ ಓಡಿಸುವ ಮಗ ಮನೆಗೆ ಬಂದಾಗ ಅವನ ಕಿವಿಯಲ್ಲೂ ಇದನ್ನೇ ಊದುತ್ತಿದ್ದರು. ಈಗಲೂ ಅಂಥದ್ದೇ ಮಾತು ಬರುತ್ತದೆಂದು ಸೊಸೆ ತಲೆ ತಗ್ಗಿಸಿದಳು.

“ಹೇಳ್ರೀ! ಇನ್ನೂ ಎಷ್ಟು ದಿನ ಮುಚ್ಚಿಡ್ತೀರಿ?” ಅತ್ತೆಯ ದನಿ ಒಡೆಯಿತು. “ಎರಡು ವರ್ಷದಿಂದ ಇವರ ಕಣ್ಣು ಹೋಗ್ತಾ ಇದೆ ಕಣೇ! ಕಣ್ಣೊಳಗಿನ ಒತ್ತಡ ಏರಿದೆ, ಆಪರೇಷನ್ ಮಾಡಿಸಿ, ತಡ ಮಾಡಿದ್ರೆ ಬೆಳಕೇ ಹೋಗುತ್ತೆ ಅಂತ ಡಾಕ್ಟರು ಆಗಲೇ ಹೇಳಿದ್ರು. ವಿಭಾಗಕ್ಕೆ ಗೊತ್ತಾದ್ರೆ ಕೆಲಸದಿಂದ ಎಬ್ಬಿಸ್ತಾರೆ, ಸೊಸೆ ಡಾಕ್ಟರೇಟ್ ತಗೊಳ್ಳೋವರೆಗೂ ಅವಳ ಗಂಟು ಇನ್ನೊಬ್ಬರ ಕೈಗೆ ಕೊಡಲ್ಲ ಅಂತ ಹಟ! ನನ್ನ ಹತ್ರ ಆಣೆ ಬೇರೆ ಹಾಕಿಸ್ಕೊಂಡ್ರು. ನೀನು ಓದು ಬಿಟ್ಟರೆ ಇವರು ಕೆಲಸ ಬಿಡ್ತಾರೆ, ಕಣ್ಣು ಉಳಿಯುತ್ತೆ ಅಂತ... ಅದಕ್ಕೇ ಕಣೇ ನಾನು ಕೆಟ್ಟವಳಾದದ್ದು!”

ಸೊಸೆ ತಲೆ ಎತ್ತಿ ಅತ್ತೆಯನ್ನೇ ನೋಡಿದಳು. ಎರಡು ವರ್ಷ ತಾನು ಮನಸ್ಸಿನಲ್ಲೇ ಶಪಿಸಿದ್ದು ಈ ಹೆಂಗಸನ್ನೇ? ಎರಡು ವರ್ಷ ಪೂಜಿಸಿದ ಕೈಯೇ ತನ್ನ ಓದನ್ನು ಕೆಡಿಸಿತ್ತೇ? ಯಾರ ಮೇಲೆ ಸಿಟ್ಟಾಗಬೇಕೆಂದೇ ಅವಳಿಗೆ ತೋಚಲಿಲ್ಲ.

“ಯಂತ್ರದ ಒತ್ತಡದ ಮುಳ್ಳು ಕಾಣದಿದ್ರೂ ಆವಿಯ ಸದ್ದಲ್ಲೇ ಗೊತ್ತಾಗುತ್ತೆ ಅಂದ್ಕೊಂಡಿದ್ದೆ ಮಗಳೇ... ಮೂವತ್ತು ವರ್ಷದ ಕೈಯಲ್ವಾ...” ಮಾವ ತಡವರಿಸಿದರು. “ನಿನ್ನ ಓದಿಗೆ ನಾನೇ ಕೊಳ್ಳಿ ಇಟ್ಟೆನಾ? ಬರಿ, ಅಟೆಂಡರ್ ತಪ್ಪು ಅಂತ ಬರೆದು ಕೊಡು!” ಎಂದು ಮಗುವಿನಂತೆ ಬಿಕ್ಕಿದರು.

ಸೊಸೆ ಕಾಗದ ತೆಗೆದು ಅಲ್ಲೇ ಬರೆದಳು. ಅತ್ತೆ ಅದನ್ನು ಕಿತ್ತುಕೊಂಡು ಗಟ್ಟಿಯಾಗಿ ಓದಿದರು: “ಗೆರೆ ನೋಡಿ ಬಾಟಲಿ ತೆರೆಯಬೇಕಾದವಳು ನಾನು. ಎರಡು ವರ್ಷ ನೋಡಲಿಲ್ಲ. ತಪ್ಪು ನನ್ನದು.”

“ಅಯ್ಯೋ ಹುಚ್ಚಿ! ಹೀಗೆ ಬರೆದರೆ ನಿನ್ನ ಗತಿ ಏನೇ?”

“ಸುಳ್ಳೇನೂ ಬರೆದಿಲ್ಲ ಅತ್ತೆ. ಮಾವನ ಕಣ್ಣು ಮಂಜಾಗಿತ್ತು, ನಾನು ಕಣ್ಣಿದ್ದೂ ಕುರುಡಿಯಾದೆ. ಅವರು ಇವತ್ತೇ ಕೆಲಸ ಬಿಡಲಿ. ಆಪರೇಷನ್ ಆಗಲಿ.”

ಆಪರೇಷನ್ ಆಯಿತು. ತಡವಾಗಿತ್ತು... ಮಾವನಿಗೆ ಉಳಿದದ್ದು ಬೆಳಕು-ನೆರಳು ಮಾತ್ರ. ವಿದ್ಯಾರ್ಥಿವೇತನವೂ ನಿಂತಿತು. ಸೊಸೆ ಬೆಳಿಗ್ಗೆ ಶಾಲೆಯೊಂದರಲ್ಲಿ ಪಾಠ ಮಾಡಿ, ಮಧ್ಯಾಹ್ನ ಪ್ರಯೋಗಾಲಯಕ್ಕೆ ಓಡಿ, ಮೊದಲ ತಟ್ಟೆಯಿಂದ ಮತ್ತೆ ಶುರು ಮಾಡಿದಳು. ತಾನೇ ಗಂಟು ಕಟ್ಟಿ ಬೇಯಿಸಿದ ಮೊದಲ ದಿನ ಟೇಪಿನ ತುಂಡನ್ನು ತಂದು ಮಾವನ ಅಂಗೈಯಲ್ಲಿಟ್ಟಳು. ಅವರು ಅದನ್ನು ಹೆಬ್ಬೆರಳಿನಿಂದ ಸವರಿದರು. ಅತ್ತೆ ಕೈ ಒರೆಸಿಕೊಂಡು ಬಂದು ಅದನ್ನು ತೆಗೆದುಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಒಂದೊಂದೇ ಗೆರೆಯನ್ನು ನೋಡಿದರು.

“ಕಪ್ಪಾಗಿದೆ ರೀ,” ಎಂದರು. “ಬಾಣಲೆ ತಳದ ಹಾಗೆ. ನಾಳೆದೂ ತಂದು ತೋರಿಸು ಕಣೇ. ಇನ್ಮೇಲೆ ನೋಡೋದು ನಾನು.”